ತೂತಿಲ್ಲದ ಗುಂಡಿಗಳು

ಮಾರ್ಚ್ ೯, ಭಾನುವಾರ

ನನ್ನ ಮುದ್ದು ಅಪ್ಪನಿಗೆ,

ಹೇಗಿದ್ದೀಯಾ? ಮದುವೆಯಾಗಿ ತಿಂಗಳು ಕಳೆದರೂ ಒಂದು ಕಾಗದ ಹಾಕಲಿಲ್ಲ ಎಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ತಪ್ಪೆಲ್ಲ ನಿನ್ನ ಅಳಿಯನದು! ನಾನು ಪೆನ್ನು ಹಿಡಿದರೆ ಸಾಕು, "ಏನು ಬರೀತಿದ್ದೀಯಾ, ನನ್ನ ಬಗ್ಗೆ ತಾನೇ?" ಎಂದು ಬಂದು ಭುಜದ ಮೇಲೆ ಗಲ್ಲ ಇಡುತ್ತಾರೆ. ಇನ್ನು ಬರೆಯುವುದುಂಟೇ? ಕಾಗುಣಿತ ತಪ್ಪಿದ್ದರೆ ಬೈಯಬೇಡ, ಇಂಗ್ಲಿಷ್ ಶಾಲೆಗೆ ಹಾಕಿದವನು ನೀನೇ. ಅಮ್ಮ ನಿನಗೆ ಇದನ್ನು ಓದಿ ಹೇಳುವಾಗ ಇಂಥ ಸಾಲುಗಳನ್ನೆಲ್ಲ ನುಂಗಿಬಿಡುತ್ತಾಳೆ, ಬಿಡಬೇಡ ಅವಳನ್ನು.

ಈಗ ಸುದ್ದಿ ಕೇಳು. ಮಾವನ ಹೊಲಿಗೆ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇದೆ. ಮೊನ್ನೆ ನಿನ್ನ ಅಳಿಯನ ಅಂಗಿಗೆ ಗುಂಡಿ ಹಾಕಿ ಭೇಷ್ ಅನ್ನಿಸಿಕೊಳ್ಳೋಣವೆಂದು ಮಾವನ ಗುಂಡಿ ಡಬ್ಬಿ ತೆಗೆದೆ. ಒಳಗೆ ಅರ್ಧಚಂದ್ರದಂಥ ಪುಟ್ಟ ಬಿಳಿ ಗುಂಡಿಗಳು! ಹೊಸ ಫ್ಯಾಷನ್ ಇರಬೇಕೆಂದು ಒಂದನ್ನು ಆರಿಸಿ, ಸೂಜಿಗೆ ದಾರ ಪೋಣಿಸಿ, ತೂತು ಹುಡುಕಿದೆ, ಹುಡುಕಿದೆ. ತೂತೇ ಇಲ್ಲ. ಅತ್ತೆ ನೋಡಿ ಹಣೆ ಚಚ್ಚಿಕೊಂಡರು. "ಅಯ್ಯೋ ಹುಡುಗಿ, ಅದು ಇವರ ಮಾತ್ರೆ ಕಣೇ! ಇಲ್ಲಿಗೆ ಹೇಗೆ ಬಂತು?"

ಮೊದಲು ನಗು ಬಂತು, ಆಮೇಲೆ ಮಾವನನ್ನೇ ಕರೆದು ಕೇಳಿದೆವು. ಮಾವನ ಎದೆಬಡಿತ ಆಗಾಗ ತಾಳ ತಪ್ಪುತ್ತದೆ. ಹಾಗೆ ತಪ್ಪಿದಾಗ ಎದೆಯೊಳಗೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗದಿರಲಿ ಎಂದು ಡಾಕ್ಟರು ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟಿದ್ದಾರೆ, ಬೆಳಗ್ಗೆ ಒಂದು, ರಾತ್ರಿ ಒಂದು. ಮಾವ ಅದನ್ನು ಕತ್ತರಿಯಲ್ಲಿ ಅರ್ಧ ಮಾಡಿ ನುಂಗುತ್ತಿದ್ದರು! ಬಟ್ಟೆಯ ಚೂರನ್ನೂ ಎಸೆಯದ ಮನುಷ್ಯ, ಉಳಿದರ್ಧ ಡಬ್ಬಿಗೆ ಸೇರುತ್ತಿತ್ತು.

"ಸೂಜಿ ಚುಚ್ಚಿದ್ರೆ ರಕ್ತ ಬೇಗ ನಿಲ್ಲಲ್ಲ ಕಣಮ್ಮ," ಎಂದರು. "ಗಿರಾಕಿಯ ಬಿಳಿ ಅಂಗಿ ಮೇಲೆ ಕಲೆ ಆಗೋಯ್ತು. ಈ ವಯಸ್ಸಲ್ಲಿ ಮರ್ಯಾದೆ ಕಳ್ಕೊಳ್ಳಲಾ? ಅರ್ಧ ಆದ್ರೂ ತಗೋತೀನಲ್ಲ."

ಎಳೆದುಕೊಂಡು ಹೋದೆವು ಆಸ್ಪತ್ರೆಗೆ. ಡಾಕ್ಟರಮ್ಮ ಎಷ್ಟು ಚೆನ್ನಾಗಿ ಮಾತಾಡಿದರು ಗೊತ್ತಾ! "ನೀವು ಅಳತೆ ತಗೊಳ್ಳದೆ ಬಟ್ಟೆ ಕತ್ತರಿಸ್ತೀರಾ?" ಎಂದು ಕೇಳಿದರು.

"ಛೆ, ಛೆ!"

"ನಾನೂ ಅಷ್ಟೇ. ನಿಮ್ಮ ವಯಸ್ಸು, ತೂಕ, ಕಿಡ್ನಿ ಎಲ್ಲಾ ನೋಡಿಯೇ ಡೋಸ್ ಬರೆದಿರೋದು. ಕೆಲವರಿಗೆ ಕಡಿಮೆ ಡೋಸ್ ಬೇಕಾಗುತ್ತೆ, ಆದ್ರೆ ನಿಮಗಲ್ಲ. ಮಾತ್ರೆ ಅರ್ಧ ಮಾಡಿದ್ರೆ ರಕ್ತ ಸೋರೋದೇನೂ ಅರ್ಧ ಆಗಲ್ಲ, ಹೆಪ್ಪುಗಟ್ಟೋ ಅಪಾಯ ಹೆಚ್ಚುತ್ತೆ ಅಷ್ಟೇ."

ಸೂಜಿ ಚುಚ್ಚಿದರೆ ಬಟ್ಟೆ ಬದಿಗಿಟ್ಟು ಬೆರಳು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ರಕ್ತ ನಿಲ್ಲದಿದ್ದರೆ ನನ್ನ ಹತ್ತಿರ ಬನ್ನಿ ಎಂದರು. ಮಾವ ಒಳ್ಳೆಯ ಮಗುವಿನ ಹಾಗೆ ತಲೆಯಾಡಿಸಿದರು. ಮನೆಗೆ ಬಂದವರೇ ಮತ್ತೆ ಕತ್ತರಿ ಹಿಡಿದರು!

ಆಗ ನಾನು ಪಕ್ಕದಲ್ಲಿ ಕೂತು ಒಂದು ಮಾತು ಹೇಳಿದೆ. ಮಾವ ಕತ್ತರಿ ಕೆಳಗಿಟ್ಟು, ಇಡೀ ಮಾತ್ರೆ ನುಂಗಿ, ನೀರು ಕುಡಿದರು. ಈಗ ಸೂಜಿ ಚುಚ್ಚದ ಹಾಗೆ ಅವರ ಬೆರಳಿಗೆ ತಗಡಿನ ಟೊಪ್ಪಿ ಬಂದಿದೆ. "ಮದುವೆ ದಿನವೂ ಇಲ್ಲದ ಶೃಂಗಾರ ಈಗ," ಎಂದು ಅತ್ತೆ ರೇಗಿಸುತ್ತಾರೆ.

ಅಮ್ಮನಿಗೆ ಹತ್ತು ಮುತ್ತು. ಬಲಗೈಯ ವ್ಯಾಯಾಮ ತಪ್ಪಿಸಬೇಡ. ನಮ್ಮಿಬ್ಬರ ತಲೆಯ ಮೇಲೆ ನಿನ್ನ ಕೈ ಸದಾ ಇರಲಿ.

ನಿನ್ನ,
ರೇಡಿಯೋ

ತಾ.ಕ.: ಮಾವನಿಗೆ ಹೇಳಿದ್ದು ನಿನ್ನ ಕಥೆ ಅಪ್ಪಾ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತದೆಂದು ನೀನೂ ಇದೇ ಮಾತ್ರೆಯನ್ನು ಅರ್ಧ ಮಾಡಿಕೊಂಡಿದ್ದು, ಆಮೇಲೆ ಲಕ್ವ ಹೊಡೆದು ನಿನ್ನ ಮಾತು ಹೋಗಿದ್ದು. "ಅಪ್ಪ ನನ್ನನ್ನ ರೇಡಿಯೋ ಅಂತ ಕರೀತಿದ್ರು ಮಾವ. ಮದುವೆ ದಿನ ನನ್ನ ಕೈ ಹಿಡ್ಕೊಂಡು ಎಷ್ಟು ಒದ್ದಾಡಿದ್ರೂ 'ರೇ' ಅಂತಷ್ಟೇ ಬಂತು," ಎಂದೆ. ಈಗ ಮಾವ ದಿನಾ ಅಂಗಡಿಯಿಂದಲೇ ಕೂಗುತ್ತಾರೆ: "ಏ ರೇಡಿಯೋ, ಮಾತ್ರೆ ಆಯ್ತಮ್ಮಾ, ಇಡೀದು!" ನಾನು ನಗುತ್ತಾ ಓಗೊಡುತ್ತೇನೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತೇನೆ. ಮುಂದಿನ ಭಾನುವಾರ ಬರುತ್ತೇನೆ. ನೀನು "ರೇ" ಎಂದರೆ ಸಾಕು, ಉಳಿದದ್ದನ್ನು ನಾನು ಸೇರಿಸಿಕೊಳ್ಳುತ್ತೇನೆ.