ಇಬ್ಬರು ಹುಡುಗರಿಗೆ ಜಾಗ

ಫಳ್ನೀರ್, ಮಂಗಳೂರು

ಸಭಾಪಾಲಕರಾದ ಅಯ್ಯನವರಿಗೆ ವಂದನೆಗಳು.

ಚರ್ಚಿನ ಯೌವನಸ್ಥರ ಸಮ್ಮೇಳನಕ್ಕೆ ಪರವೂರಿನಿಂದ ಬರುವ ಮಕ್ಕಳನ್ನು ಉಳಿದುಕೊಳ್ಳಲು ನಮ್ಮ ಸಭೆಯ ಮನೆಗಳಿಗೆ ಹಂಚಿದ್ದೀರಿ. ನಮ್ಮ ಮನೆಯನ್ನು ಮಾತ್ರ ಬಿಟ್ಟಿದ್ದೀರಿ. ಯುವಜನ ಸಂಘದ ಶರ್ಲಿಯನ್ನು ಕೇಳಿದೆ. "ಈ ವರ್ಷ ನಿಮಗೆ ಬೇಡ ಆಂಟಿ, ಅಯ್ಯನವರೇ ಹೇಳಿದ್ದು" ಎಂದಳು. ನೀವು ಒಳ್ಳೆಯದಕ್ಕೇ ಹೇಳಿರಬಹುದು.

ಮಗ ಬ್ರಯಾನ್ ತೀರಿಕೊಂಡ ಮೇಲೆ ಅವನ ಕೋಣೆ ಖಾಲಿ ಉಂಟು. ದಯವಿಟ್ಟು ಇಬ್ಬರು ಹುಡುಗರನ್ನು ಕಳಿಸಿ. ಫ್ಯಾನ್ ಸ್ವಲ್ಪ ಶಬ್ದ ಮಾಡುತ್ತದೆ, ಆದರೆ ಗಾಳಿ ಬರುತ್ತದೆ. ಬೆಳಗ್ಗೆ ನೀರುದೋಸೆ ಮಾಡಿಕೊಡುತ್ತೇನೆ.

ಎಷ್ಟು ತಡವಾದರೂ ಬೆಲ್ ಒತ್ತುವುದು ಬೇಡ ಎಂದು ಅವರಿಗೆ ತಿಳಿಸಿ. ಬ್ರಯಾನ್ ಹಾಡಿನ ಅಭ್ಯಾಸ ಮುಗಿಸಿ ತಡವಾಗಿ ಬರುತ್ತಿದ್ದ ಕಾರಣ ನಾವು ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ಈಗಲೂ ಹಾಕುವುದಿಲ್ಲ.

ಇತಿ, ನಿಮ್ಮ ಸಭೆಯವಳು
ಮಗ್ದಲೀನ್