ಅತ್ತೆ ಕೂತ ದೋಣಿ

ಆರ್ನ್‌ಹೆಮ್ ಲ್ಯಾಂಡ್

ಕಡಲು ಕಾಯುವ ರೇಂಜರ್ ಕಚೇರಿಯ ಬ್ರೆಟ್‌ಗೆ,

ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ ಎಂದು ಕೂತಿದ್ದೀಯ. ಅರ್ಧಕ್ಕೆ ಶಾಲೆ ಬಿಟ್ಟವಳಿಗೆ ಇದೆಂಥ ಶಿಕ್ಷೆ!

ನನ್ನ ಮೊಮ್ಮಗ ಲೆಸ್ಟರ್ ನಿಮ್ಮ ಗಸ್ತಿನ ದೋಣಿ ಹತ್ತಲಿಲ್ಲವೆಂದು ಅವನ ಕೆಲಸ ಕಾಯಂ ಮಾಡುವುದಿಲ್ಲ ಎಂದೆಯಂತೆ. ಆ ದೋಣಿಯಲ್ಲಿದ್ದ ನೋರೀನ್ ಅವನ ಹೆಂಡತಿಯ ತಾಯಿ. ಅಳಿಯನಾದವನು ಅತ್ತೆಯ ಹತ್ತಿರ ಕೂರಬಾರದು, ಮಾತಾಡಬಾರದು. ನಮ್ಮಲ್ಲಿ ಅದೇ ಮರ್ಯಾದೆ. ನಿನಗೆ ಹೇಳಲು ಹುಡುಗನಿಗೆ ನಾಚಿಕೆ.

ನೋರೀನ್ ನಗುತ್ತಾಳೆ: "ಅಳಿಯ ಸರಿಯಾಗೇ ಕಲ್ತಿದಾನೆ ಅಕ್ಕಾ, ಕಲೀಬೇಕಾಗಿರೋದು ಆ ಬ್ರೆಟ್ಟು!"

ಬಲೆಗೆ ಸಿಕ್ಕ ಆಮೆಯನ್ನು ಬಿಡಿಸಿದ ದಿನ ಲೆಸ್ಟರ್ ಹಾಡಿಕೊಂಡು ಮನೆಗೆ ಬರುತ್ತಾನೆ. ಈ ಕೆಲಸ ಅವನಿಗೇ ತಕ್ಕದ್ದು ಎನ್ನಲು ನನಗೆ ಅಷ್ಟು ಸಾಕು.

ಈ ನೆಲದ ಮೂಲನಿವಾಸಿಗಳಾದ ನಮ್ಮ ಮಕ್ಕಳಿಗೆ ಒಳ್ಳೆಯ ಕೆಲಸ ಕೊಟ್ಟು, ಬಿಳಿಯರು ನಮಗೆ ಮಾಡಿದ ಹಳೆಯ ಅನ್ಯಾಯ ಸರಿಪಡಿಸುತ್ತೇವೆ ಎಂದು ಸಭೆಯಲ್ಲಿ ಹೇಳಿದವನು ನೀನೇ. ಅವನನ್ನು ಬೇರೆ ದೋಣಿಗೆ ಹಾಕು, ಕೆಲಸ ಕಾಯಂ ಮಾಡು. ಶುಕ್ರವಾರದೊಳಗೆ ಉತ್ತರ ಬರಬೇಕು.

ಮೇವಿಸ್ ಅಜ್ಜಿ