ಅಂಗಡಿಯಿಂದ ತಂದ ಯೂನಿಫಾರ್ಮ್

೧೪ನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ಊರು ಮುಟ್ಟಿದ ಮೇಲೆ ನೀನು ಬರೆದ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರಕ್ಕೆ ಇಷ್ಟು ತಡಮಾಡಿದೆನೆಂದು ಮುನಿಸಿಕೊಳ್ಳಬೇಡ. ಕೆಲಸವಿತ್ತು ಅಂತ ಬರೆದರೆ ನೀನು ನಂಬುತ್ತೀಯ. ಅದು ಅರ್ಧ ನಿಜವೂ ಹೌದು. ಇನ್ನರ್ಧ, ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು. ಮುಖಕ್ಕೆ ಹೊಡೆದ ಹಾಗೆ ಬರೆದುಬಿಟ್ಟೆ. ಇನ್ನು ಉಳಿದದ್ದನ್ನು ಬರೆಯುವುದು ಸುಲಭ.

ಮೊದಲು ಸುದ್ದಿ. ಶಾಲೆ ಶುರುವಾಯಿತು. ದೊಡ್ಡವನಿಗೆ ಹೊಸ ತರಗತಿಯಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕಿದೆ. ಪಾಠ ಎಷ್ಟು ತಲೆಗೆ ಹೋಗುತ್ತದೋ ಕಾಣೆ, ಕಿಟಕಿಯಾಚೆ ನಡೆದದ್ದನ್ನು ಮಾತ್ರ ಒಂದೂ ಬಿಡದೆ ಬಂದು ಒಪ್ಪಿಸುತ್ತಾನೆ. ನಿನ್ನ ಬುಗುರಿಗೆ ಮುಂದಿನ ಹಲ್ಲು ಬಿದ್ದಿದೆ. ನೋಡು, ‘ನಿನ್ನ ಬುಗುರಿ’ ಅಂತ ನನ್ನ ಕೈಯೇ ಬರೆಯಿತು. ನಿಂತಲ್ಲಿ ನಿಲ್ಲದ ಮಗಳಿಗೆ ಆ ಹೆಸರಿಟ್ಟವಳು ನಾನು, ಹೆತ್ತವಳೂ ನಾನು.

ಬೇಸಿಗೆ ರಜೆಯ ಕೊನೆ ಅಂದರೆ ನನ್ನಂಥ ದರ್ಜಿಗೆ ಏನೆಂದು ನೀನೇ ಕಣ್ಣಾರೆ ಕಂಡೆ. ಈ ಬೀದಿಯ ಮಕ್ಕಳಿಗೆಲ್ಲ ಶಾಲೆ ತೆರೆಯುವ ಹಿಂದಿನ ವಾರವೇ ಕೈಕಾಲು ಉದ್ದವಾಗುತ್ತವೆ. ಮುಂಚೆಯೇ ಬನ್ನಿ ಎಂದು ಗೋಗರೆದರೂ ಯಾರೂ ಬರುವುದಿಲ್ಲ. ಬಂದರೆ ಎಲ್ಲರೂ ಒಟ್ಟಿಗೇ, ಎಲ್ಲರಿಗೂ ನಾಳೆಯೇ ಬೇಕು. ನೀನು ಆಸ್ಪತ್ರೆಗೆ ರಜೆ ಹಾಕಿ ಬಂದು, “ನೀನು ಹೊಲಿ, ಮಕ್ಕಳನ್ನ ನಾನು ಸುತ್ತಾಡಿಸ್ತೀನಿ” ಅಂದಾಗ, ಬದುಕಿದೆಯಾ ಬಡಜೀವವೇ ಅಂದುಕೊಂಡೆ. ಇವರಂತೂ “ಅಕ್ಕ ಬಂದಿದ್ದು ನಮ್ಮ ಪುಣ್ಯ” ಅಂತ ದಿನಕ್ಕೊಂದು ಸಲ ಹೇಳುತ್ತಿದ್ದರು. ನಾನೂ ಹೂಂ ಅನ್ನುತ್ತಿದ್ದೆ.

ಒಂದು ದಿನ ದೋಣಿ, ಒಂದು ದಿನ ಗುಡ್ಡ, ಇನ್ನೊಂದು ದಿನ ಸುಮ್ಮನೆ ರೈಲಿನಲ್ಲಿ ಹೋಗಿ ಅದೇ ರೈಲಿನಲ್ಲಿ ವಾಪಸು. ಸಂಜೆ ಮೂವರೂ ಬಿಸಿಲಿಗೆ ಕಂದಿದ ಮುಖ ಹೊತ್ತು ಬಾಗಿಲಲ್ಲಿ ಕಾಣಿಸಿಕೊಳ್ಳುವಿರಿ. ಚಪ್ಪಲಿ ಬಿಡುವ ಮುಂಚೆಯೇ ಶುರು: “ಅಮ್ಮಾ, ಇವತ್ತು ದೊಡ್ಡಮ್ಮನ ಟೋಪಿ ಹಾರಿಹೋಗಿ ಒಬ್ಬ ಮೇಷ್ಟ್ರ ತಲೆ ಮೇಲೇ ಕೂತ್ಕೊಳ್ತು!”

“ಆಮೇಲೆ?” ಎಂದು ಕೇಳಿದರೆ ಬುಗುರಿ ಹೊಟ್ಟೆ ಹಿಡಿದುಕೊಂಡು ನಗುತ್ತಾ, “ನಿಂಗೆ ಹೇಳಿದ್ರೆ ಗೊತ್ತಾಗಲ್ಲಮ್ಮ, ನೀನು ಅಲ್ಲೇ ಇರಬೇಕಿತ್ತು” ಅನ್ನುತ್ತಿದ್ದಳು. ನಾನು ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ನಕ್ಕ ಹಾಗೆ ಮಾಡುತ್ತಿದ್ದೆ.

ಕೊನೆಯ ಭಾನುವಾರ ಹಟ ಮಾಡಿ ಮೆಷೀನು ಮುಚ್ಚಿಟ್ಟು ನಿಮ್ಮ ಜೊತೆ ಕೆರೆಗೆ ಬಂದೆನಲ್ಲ, ಬರಬಾರದಿತ್ತು. ಬಸ್ಸಿನಲ್ಲಿ ಬುಗುರಿಯ ಪಕ್ಕ ಕೂತರೆ, “ಅಮ್ಮಾ, ಅದು ದೊಡ್ಡಮ್ಮನ ಸೀಟು” ಅಂದಳು. ನೀನು “ಇರಲಿ ಬಿಡೇ, ಪಾಪ” ಅಂದೆ. ಆ ‘ಪಾಪ’ ನನಗೆ ನೆಟ್ಟಗೆ ಎದೆಗೆ ಚುಚ್ಚಿತು. ನನ್ನ ಮಗಳ ಪಕ್ಕ ಕೂರುವುದಕ್ಕೆ ನಿನ್ನ ಶಿಫಾರಸು! ಕೆರೆಯಲ್ಲಿ ಅವಳು ಕೈ ಬಡಿದು ಈಜಿದಳು. ಅವಳಿಗೆ ಈಜು ಬರುತ್ತದೆಂದು ನನಗೆ ಗೊತ್ತಾದದ್ದೇ ಆಗ. ಅಷ್ಟರಲ್ಲಿ ಮೂಗಿಗೆ ನೀರು ಹೋಗಿ, ಕೆಮ್ಮುತ್ತ ಅಳುತ್ತ ದಡಕ್ಕೆ ಓಡಿ ಬಂದಳು. ನಾನು ಟವೆಲು ಬಿಡಿಸಿಕೊಂಡು ಮುಂದೆಯೇ ನಿಂತಿದ್ದೆ. ನನ್ನ ಪಕ್ಕದಿಂದ ದಾಟಿ ಹೋಗಿ ಹಿಂದೆ ಕೂತಿದ್ದ ನಿನ್ನ ಮಡಿಲಲ್ಲಿ ಬಿದ್ದಳು. ಟವೆಲನ್ನು ಏನು ಮಾಡಬೇಕೆಂದು ತೋಚದೆ ಮಡಿಸಿಟ್ಟೆ.

ಅದಾದ ಮೇಲೆ ಯೂನಿಫಾರ್ಮು. ಊರ ಮಕ್ಕಳದ್ದೆಲ್ಲ ಮುಗಿಯಲಿ ಎಂದು ಬುಗುರಿಯ ಬಟ್ಟೆಯನ್ನು ಕತ್ತರಿಸದೆ ಹಾಗೇ ಇಟ್ಟಿದ್ದೆ. ನೀನು ಪೇಟೆಯಿಂದ ಸಿದ್ಧ ಉಡುಪು ತಂದು ನನ್ನ ಮೆಷೀನಿನ ಮೇಲೇ ಇಟ್ಟೆ.

“ನಿಂಗೆ ಒಂದು ಹೊರೆ ಕಮ್ಮಿ ಆಗ್ಲಿ ಅಂತ ತಂದೆ ಕಣೇ.”

“ದರ್ಜಿ ಮಗಳು ಅಂಗಡಿ ಬಟ್ಟೆ ಹಾಕ್ಕೊಂಡು ಹೋದ್ರೆ ನಾಳೆ ನನ್ನ ಹತ್ರ ಯಾರಕ್ಕಾ ಬರ್ತಾರೆ?”

ನೀನು ನನ್ನನ್ನೇ ನೋಡಿ, “ನಿನ್ನ ಸಂಕಟ ಅದಲ್ಲ, ಅಲ್ವಾ?” ಅಂದೆ. ನಾನು ಪೆಡಲ್ಲು ತುಳಿದು ಸದ್ದು ಮಾಡಿದೆ.

ನೀನು ಹೊರಟ ಮೇಲೆ ಬೇರೆ ಕೆಲಸವನ್ನೆಲ್ಲ ಬದಿಗೊತ್ತಿ ಅವಳದನ್ನು ಹೊಲಿದೆ. ಇಷ್ಟು ಒಪ್ಪವಾದ ನೆರಿಗೆಯನ್ನು ನಾನು ಯಾರಿಗೂ ಹಾಕಿಕೊಟ್ಟಿಲ್ಲ. ಗುಂಡಿಯ ಕಾಜಗಳನ್ನೂ ಕೈಯಲ್ಲೇ ಮಾಡಿದೆ. ಶಾಲೆ ತೆರೆದ ದಿನ ಬೆಳಿಗ್ಗೆ ಎರಡನ್ನೂ ಹಾಸಿಗೆಯ ಮೇಲೆ ಹರಡಿ, “ಯಾವುದು ಬೇಕೋ ಹಾಕ್ಕೋ” ಅಂದೆ, ಏನೂ ಪರವಾಗಿಲ್ಲದವಳ ಹಾಗೆ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. “ಇದು ದೊಡ್ಡಮ್ಮ ತಂದಿದ್ದು” ಎಂದು ಅಂಗಡಿಯದಕ್ಕೇ ತಲೆ ತೂರಿಸಿದಳು. ಭುಜ ಜೋತಾಡುತ್ತಿತ್ತು. ಹಾಗೇ ಕುಣಿಯುತ್ತ ಹೋದಳು.

ಸಂಜೆ ಕಂಕುಳ ಹೊಲಿಗೆ ಬಿಚ್ಚಿಕೊಂಡು ಬಂದಳು. ನನಗೆ ಎಷ್ಟು ಖುಷಿಯಾಯಿತು ಅಂದರೆ, ನಾಚಿಕೆಯಾಗಬೇಕು. “ನೋಡಿದ್ಯಾ? ನಾಳೆ ಅಮ್ಮ ಹೊಲಿದಿದ್ದು ಹಾಕ್ಕೋ” ಅಂದೆ. ಅವಳ ಕಣ್ಣು ತುಂಬಿಬಂತು. “ಇದನ್ನೇ ಸರಿ ಮಾಡಿಕೊಡಮ್ಮ. ನಿಂಗೆ ಬರುತ್ತಲ್ಲ.” ಕೂತು, ಇನ್ನು ಯಾವತ್ತೂ ಬಿಡದ ಹಾಗೆ ಎರಡೆರಡು ಸಲ ಹೊಲಿಗೆ ಹಾಕಿದೆ. ಭುಜವನ್ನೂ ಹಿಡಿದು ಅವಳ ಅಳತೆಗೆ ತಂದೆ. ಈಗ ಒಂದು ದಿನ ಅದು, ಒಂದು ದಿನ ಇದು. ಇವರು ಪೇಪರಿನ ಹಿಂದಿನಿಂದ, “ಒಗೆದು ಹಾಕೋಕೆ ಎರಡು ಬೇಕೇ ಬೇಕಿತ್ತಲ್ಲ” ಅಂದರು. ಗಂಡಸರಿಗೆ ಎಲ್ಲ ಎಷ್ಟು ಸಲೀಸು!

ನಿನ್ನ ಮೊಣಕಾಲು ಹೇಗಿದೆ? ವಾರ್ಡಿನಲ್ಲಿ ಇಡೀ ದಿನ ನಿಂತೇ ಇರಬೇಡ. ಮಕ್ಕಳು ಮುತ್ತು ಕಳಿಸಿದ್ದಾರೆ, ಬುಗುರಿಯದು ಹಲ್ಲಿಲ್ಲದ್ದು. ನೀನು ನೂರ್ಕಾಲ ಚೆನ್ನಾಗಿರು. ನನ್ನ ತಲೆಯ ಮೇಲೂ ಅಲ್ಲಿಂದಲೇ ಒಮ್ಮೆ ಕೈಯಿಡು.

ನಿನ್ನ
ತಂಗಿ

ತಾ.ಕ.: ಲಕೋಟೆಗೆ ಹಾಕುವ ಮುಂಚೆ ಒಮ್ಮೆ ಓದಿದೆ. ಹೇಳಬೇಕಾದದ್ದು ಇದರಲ್ಲಿ ಬಂದೇ ಇಲ್ಲ. ನೀನು ಹೊರಟ ದಿನ ಬಸ್ಸಿನ ಮೆಟ್ಟಿಲ ಬಳಿ ಮಕ್ಕಳನ್ನು ಅಪ್ಪಿಕೊಂಡು ಬಿಡಲೇ ಇಲ್ಲ. ಅವರ ಹಿಂದೆ ನಾನೂ ನಿಂತಿದ್ದೆ, ನನ್ನ ಸರದಿ ಬರಲಿ ಎಂದು. ನೀನು “ಮಕ್ಕಳನ್ನ ಚೆನ್ನಾಗಿ ನೋಡ್ಕೋ” ಎಂದು ನನ್ನ ಭುಜ ತಟ್ಟಿ ಹತ್ತಿಬಿಟ್ಟೆ. ಅಮ್ಮ ಹೋದಾಗ ನಾನೂ ಬುಗುರಿಯಷ್ಟೇ ಇದ್ದೆ. ನನ್ನ ತಲೆ ಬಾಚಿ ಶಾಲೆಯ ಗೇಟಿನವರೆಗೂ ಬಂದು ಬಿಟ್ಟವಳು ನೀನು. ಈ ಸಲ ಬಂದು ಇದ್ದಷ್ಟು ದಿನವೂ ನೀನು ಒಂದು ಸಲವಾದರೂ ನನ್ನ ಪಕ್ಕ ಕೂತು ‘ನೀನು ಹೇಗಿದೀಯೇ’ ಅನ್ನಲಿಲ್ಲ. ನಿನ್ನ ಮೇಲೆ ಹೊಟ್ಟೆಕಿಚ್ಚು ಅಂತ ಬರೆದೆನಲ್ಲ, ನನಗೆ ಹೊಟ್ಟೆ ಉರಿದದ್ದು ನನ್ನ ಮಗಳ ಮೇಲೆ, ಅಕ್ಕ. ಮುಂದಿನ ರಜೆಯಲ್ಲಿ ಒಂದೇ ಒಂದು ದಿನ ಮಕ್ಕಳನ್ನು ಅವರಪ್ಪನ ಹತ್ತಿರ ಬಿಟ್ಟು, ನನ್ನೊಬ್ಬಳನ್ನೇ ಎಲ್ಲಿಗಾದರೂ ಕರೆದುಕೊಂಡು ಹೋಗುತ್ತೀಯಾ?